ಪಳಗಿದ ಮೂಗು

ತಾನು ಕರಗಿದ ನೀರಿನಿಂದ ತಳಕ್ಕೆ ಬೀಳುವಾಗ ಚಿನ್ನ ಕೆಸರಿನ ಹಾಗಿರುತ್ತದೆ. ಹೊಳಪಿಲ್ಲ, ಹಳದಿಯಿಲ್ಲ, ಕಂದು ಬಣ್ಣದ ಹೂಳು. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಪಾತ್ರೆ ಕೊಳೆಯಾಗಿದೆ ಅಂತ ತೊಳೆದು ಬಚ್ಚಲಿಗೆ ಸುರಿದಾರು. ಆ ಹೂಳನ್ನು ಬೀಳಿಸುವುದೇ ಪುಟದಕ್ಕನ ಕಸುಬು. ಒಡವೆ ಮಾಡುವವರ ಅರದ ಪುಡಿ, ತುಂಡು ತಂತಿ, ಅಂಗಡಿ ಗುಡಿಸಿದ ಕಸ, ಎಲ್ಲ ಅವಳ ಮನೆಗೆ ಬರುತ್ತಿತ್ತು. ಆಸಿಡ್ಡಿನಲ್ಲಿ ಕರಗಿಸಿ, ಸೋಸಿ, ಅದರೊಳಗಿನ ಚಿನ್ನವನ್ನು ಮಾತ್ರ ಬೇರೆ ಮಾಡಿ ವಾಪಸ್ ಕೊಡುತ್ತಿದ್ದಳು. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಬಾಯಿಗೆ ಹೆದರಿ ಅಂತ ಕೆಲವರು, ಅವಳ ಕೈಯಲ್ಲಿ ಚಿನ್ನ ಸೋರುವುದಿಲ್ಲ ಅಂತ ಕೆಲವರು.

ಕಸುಬು ಗಂಡನದು. ಅವನಿಗೆ ದಮ್ಮು ಹತ್ತಿ, ಮೆಟ್ಟಿಲು ಹತ್ತಲಾಗದೆ, ಆಮೇಲೆ ಹಾಸಿಗೆಯಿಂದ ಏಳಲಾಗದೆ ತೀರಿಹೋದ. ಪಾತ್ರೆಗಳು ಕಟ್ಟೆಯ ಮೇಲೆ ಹಾಗೇ ಇದ್ದವು, ಗಿರಾಕಿಗಳು ಬಾಗಿಲಲ್ಲಿ ಹಾಗೇ ಇದ್ದರು. ಅತ್ತುಕೊಂಡು ಕೂತರೆ ಹೊಟ್ಟೆ ತುಂಬುತ್ತದೆಯೇ? ಅವನ ಚಮಚ ತಾನು ಎತ್ತಿಕೊಂಡಳು. ಕಲಿಸಿದವನು ಗಂಡನ ಅಣ್ಣ, ಪಕ್ಕದ ಮನೆಯಲ್ಲಿ ಇದೇ ಕೆಲಸ ಮಾಡುವ ಮೀಸೆ ಭಾವ. ಎರಡು ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಸಾಲು ತೂತುಗಳಿದ್ದವು. ಈ ಮನೆಯ ಜಗಳ ಆ ಮನೆಗೆ, ಆ ಮನೆಯ ಗೊರಕೆ ಈ ಮನೆಗೆ.

ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಅದರ ಹಿಂದೆ ಮಗ. ನಡುವಿನ ಕೋಣೆಯಲ್ಲಿ ಕಲ್ಲಿನ ಕಟ್ಟೆ, ದಪ್ಪ ಗಾಜಿನ ಪಾತ್ರೆಗಳು, ಅಂಗೈಯಗಲದ ಒಂದು ಕಿಟಕಿ. ಅದಕ್ಕೆ ಅಂಟಿಕೊಂಡೇ ಅಡುಗೆಮನೆ, ನಡುವೆ ಒಂದು ಪರದೆ ಅಷ್ಟೇ. ಕರಗಿಸುವ ಕೆಲಸ ಮಾತ್ರ ಹಿತ್ತಲಲ್ಲಿ, ಚಿಮಣಿಯ ಕೆಳಗೆ. ಕರಗಿಸುವಾಗ ಕೆಂಪು ಹೊಗೆ ಏಳುತ್ತದೆ, ಅದು ಊರಿಗೆಲ್ಲ ಕಾಣುತ್ತದೆ. ಹಿಂದೊಮ್ಮೆ ಅಕ್ಕಪಕ್ಕದವರು ಕಲ್ಲು ಹಿಡಿದು ಬಂದಿದ್ದರು, ಆಗ ಚಿಮಣಿ ಕಟ್ಟಿಸಿದರು. ಚಿನ್ನ ಬೀಳಿಸುವಾಗ ಏಳುವ ಘಾಟಿಗೆ ಬಣ್ಣವಿಲ್ಲ. ಅದಕ್ಕಾಗಿ ಯಾರೂ ಕಲ್ಲು ಎತ್ತಲಿಲ್ಲ. ಅದು ಮನೆಯೊಳಗೇ ಉಳಿಯಿತು.

ಕರಗಿದ ಚಿನ್ನವನ್ನು ಬೀಳಿಸಲು ಏನು ಹಾಕಬೇಕು ಅನ್ನುವುದರಲ್ಲೇ ಈ ಕಸುಬಿನ ಜೀವ ಇರುವುದು. ಸತುವಿನ ಪುಡಿ ಹಾಕಿದರೆ ಚಿನ್ನದ ಜೊತೆ ತಾಮ್ರ, ಇನ್ನೊಂದು, ಮತ್ತೊಂದು ಎಲ್ಲ ಬೀಳುತ್ತದೆ. ಊಟಕ್ಕೆ ಒಬ್ಬನನ್ನು ಕರೆದರೆ ಬೀದಿಗೆ ಬೀದಿಯೇ ಬಂದು ಕೂತ ಹಾಗೆ. ಆಕ್ಸಾಲಿಕ್ ಆಸಿಡ್ ಆದರೆ ಕಾಯಿಸುತ್ತಾ ಕೂರಬೇಕು. ಅನ್ನಭೇದಿ ಅಂತ ಒಂದಿದೆ, ಕಬ್ಬಿಣದ ಹಸಿರು ಉಪ್ಪು. ಅದು ಚಿನ್ನವನ್ನಷ್ಟೇ ಆರಿಸಿ ಕೆಳಗಿಳಿಸುತ್ತದೆ, ಘಾಟೂ ಇಲ್ಲ. ಆದರೆ ರಾಶಿ ಸುರಿಯಬೇಕು, ಹೂಳು ತಳ ಸೇರುವ ತನಕ ಕಾಯಬೇಕು, ಆಮೇಲೆ ಕಬ್ಬಿಣ ಬಿಡುವ ತನಕ ತೊಳೆಯಬೇಕು. ಇದೆಲ್ಲ ಯಾರಿಗೆ ಬೇಕು? ಇದೇ ಕಸುಬು ಮಾಡುವ ಆ ಓಣಿಯವರಿಗೆಲ್ಲ ಬಿಳಿ ಪುಡಿಯೇ ಸರಿ. ಡಬ್ಬದ ಮೇಲೆ ಮೆಟಾಬೈಸಲ್ಫೈಟ್ ಅಂತ ಬರೆದಿರುತ್ತಿತ್ತು, ಬಾಯಲ್ಲಿ ಮಾತ್ರ ಬಿಳಿ ಪುಡಿ. ಚಮಚ ಹಾಕು, ಕಲಕು, ಬಿತ್ತು.

ಎಷ್ಟು ಹಾಕಬೇಕು? ಅದನ್ನು ಹೇಳುವುದು ಮೂಗು. ನೀರಿನಲ್ಲಿ ಚಿನ್ನ ಇರುವ ತನಕ ಪುಡಿಯ ಗಂಧಕದ ಘಾಟನ್ನು ಆ ನೀರೇ ನುಂಗಿಕೊಳ್ಳುತ್ತದೆ. ಚಿನ್ನ ಮುಗಿಯಿತೋ, ಘಾಟು ಮೇಲೆದ್ದು ಮೂಗಿಗೆ ಬಡಿಯುತ್ತದೆ. ಆಗ ಕೈ ನಿಲ್ಲಿಸಬೇಕು.

ಹೊಸದಾಗಿ ಬಂದವರು ಕೆಮ್ಮುತ್ತಾರೆ, ಕಣ್ಣು ಉಜ್ಜುತ್ತಾರೆ, ಹೊರಗೆ ಓಡುತ್ತಾರೆ. ಕಾಲ ಕಳೆದ ಹಾಗೆ ಓಡುವುದು ನಿಲ್ಲುತ್ತದೆ. ಆಗ ಓಣಿಯ ಹಿರಿಯರು ಬೆನ್ನು ತಟ್ಟಿ ಹೇಳುತ್ತಾರೆ: ‘ಮೂಗು ಪಳಗಿತು.’ ಎತ್ತು ನೊಗಕ್ಕೆ ಪಳಗಿದ ಹಾಗೆ. ಮೂಗು ಪಳಗಿದವನೇ ಕೆಲಸಗಾರ, ಉಳಿದವರೆಲ್ಲ ಪಾತ್ರೆ ತೊಳೆಯುವವರು. ಪುಟದಕ್ಕನ ಮೂಗು ಪಳಗಿದಾಗ ಮೀಸೆ ಭಾವ ಓಣಿಗೆಲ್ಲ ಕೇಳುವಂತೆ ಹೇಳಿದ್ದನಂತೆ: “ನೋಡ್ರೋ, ಹೆಣ್ಣುಮಗಳು! ಘಾಟಿನ ಮಧ್ಯೆ ದೇವರ ಮುಂದೆ ನಿಂತ ಹಾಗೆ ನಿಲ್ತಾಳೆ.” ಆ ಮಾತನ್ನು ಅವಳು ಪದಕದ ಹಾಗೆ ಎದೆಗೆ ಚುಚ್ಚಿಕೊಂಡಿದ್ದಳು.

ಹೀಗಿರುವಾಗ ಸೊಸೆ ಬಂದಳು. ಗಿಲೀಟು ಹಾಕುವವನ ಮಗಳು, ಉಪ್ಪು ಆಸಿಡ್ಡುಗಳ ನಡುವೆಯೇ ಬೆಳೆದವಳು. ನಾಜೂಕಿನವಳಲ್ಲ. ಆದರೆ ಬಿಳಿ ಪುಡಿ ಮಾತ್ರ ಅವಳ ಎದೆಗೆ ಆಗಲಿಲ್ಲ.

“ಅತ್ತೆ, ಘಾಟು. ಸ್ವಲ್ಪ ನಿಲ್ಸಿ.”

“ಎಲ್ಲಿದೆಯೇ ಘಾಟು? ಇನ್ನೂ ಎದ್ದೇ ಇಲ್ಲ.”

“ಎದ್ದು ಬಂದು ನನ್ನ ಎದೆ ಮೇಲೆ ಕೂತಿದೆ.”

“ಕೂರಲಿ ಬಿಡು, ಬಾಡಿಗೆ ಏನೂ ಕೇಳಲ್ಲ. ಇನ್ನೊಂದಷ್ಟು ದಿನ ತಡ್ಕೋ, ಮೂಗು ಪಳಗುತ್ತೆ.”

ಸೊಸೆಯ ಮೂಗು ಪಳಗಲಿಲ್ಲ. ಉಸಿರಲ್ಲಿ ಸಿಳ್ಳೆ ಶುರುವಾಯಿತು. ಮೊದಲು ಓಡಾಡುವಾಗ, ಆಮೇಲೆ ಕೂತಾಗ, ಆಮೇಲೆ ಮಲಗಿದಾಗಲೂ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಎಲ್ಲಿ ಕೆಲಸ ಅಂತ ವಿಚಾರಿಸಿ, ಒಂದೇ ಮಾತು ಹೇಳಿದರು: ಈ ಗಾಳಿಯಲ್ಲಿ ಇನ್ನೊಂದು ಚಳಿಗಾಲ ಕಳೆದರೆ ಈ ಎದೆ ಮತ್ತೆ ಸರಿಯಾಗುವುದಿಲ್ಲ. ಸೊಸೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಅಂದಳು: “ಆ ಬಿಳಿ ಡಬ್ಬ ಇರ್ಬೇಕು, ಇಲ್ಲ ನಾನಿರ್ಬೇಕು. ಅನ್ನಭೇದಿ ಹಾಕಿ ಅತ್ತೆ. ನಮ್ಮಪ್ಪ ಅದ್ರಲ್ಲೇ ಬೀಳಿಸ್ತಿದ್ದ. ಚಿನ್ನ ಮುಗೀತೋ ಇಲ್ವೋ ಅನ್ನೋಕೆ ತವರ ಕರಗಿಸಿದ ನೀರಿನ ಒಂದು ಹನಿ ಸಾಕು, ಮೂಗು ಬೇಡ.”

ಕೊನೆಯ ಎರಡು ಪದಗಳನ್ನು ಅವಳು ಆಡಬಾರದಿತ್ತು.

“ಮೂಗು ಬೇಡ್ವಾ? ನಿಮ್ಮಪ್ಪ ಗಿಲೀಟಿನವನು, ಮೇಲ್ಮೇಲೆ ಬಳಿಯೋ ಜಾತಿ. ಅವನಿಗೇನು ಗೊತ್ತು ಒಳಗಿಂದು? ಮೊದಲು ಒಂದು ಹೊತ್ತು ನೆಟ್ಟಗೆ ಅಡುಗೆ ಮಾಡು. ನೀನು ಮಾಡೋದು ಅಡುಗೆಯೋ ಕೈ ತೊಳೆದ ನೀರೋ ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ.”

ಇದು ಆ ಮನೆಯ ಹಳೆಯ ಹಾಡು. ಸೊಸೆ ಏನು ಮಾಡಿದರೂ ಅತ್ತೆಗೆ ಸಪ್ಪೆ. ಉಪ್ಪು ಹೆಚ್ಚಿಸಿದಳು, ಖಾರ ಹೆಚ್ಚಿಸಿದಳು, ಹುಳಿ ಹಿಂಡಿದಳು. ಮಗ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿಯುವಂತಾಯಿತು, ಅತ್ತೆಗೆ ಮಾತ್ರ ಸಪ್ಪೆಯೇ. ಮಗನನ್ನು ಕೇಳಿದರೆ, “ಗಿರಾಕಿ ಬಂದ್ರು ನೋಡು” ಅಂತ ಮುಂದಿನ ಕೋಣೆಗೆ ಎದ್ದು ಹೋಗುತ್ತಿದ್ದ. ಗಿರಾಕಿ ಇರಲಿ ಇಲ್ಲದಿರಲಿ.

ಪುಟದಕ್ಕನಿಗೆ ಅನುಮಾನವೇ ಇರಲಿಲ್ಲ. ಇದು ಕೆಮ್ಮಲ್ಲ, ನಾಟಕ. ಮೂಗು ಬೇಡ ಅಂದರೆ ಪುಟದಕ್ಕನೇ ಬೇಡ ಅಂತ ಅರ್ಥ. ನಾಳೆ ತವರದ ನೀರು, ನಾಡಿದ್ದು ಚಮಚ, ಆಮೇಲೆ ಕಟ್ಟೆಯೇ ಸೊಸೆಯ ಕೈಗೆ. ಹಾಗಾಗಿ ಪಂಚಾಯಿತಿಯನ್ನು ತಾನೇ ಕರೆದಳು.

“ನಾಳೆ ಕೊಂಡಿಯಣ್ಣನ ಮಾಲು ಬೀಳಿಸೋದಿದೆ. ಅವನನ್ನೂ ಭಾವನ್ನೂ ಒಳಗೇ ನಿಲ್ಲಿಸ್ಕೊಂಡು ಹಾಕ್ತೀನಿ. ಘಾಟು ತಡೆಯಕ್ಕಾಗಲ್ಲ ಅಂತ ಅವರು ಹೇಳಿದ್ರೆ ಡಬ್ಬ ಆಚೆ. ಇಲ್ಲ ಅಂದ್ರೆ ನೀನು ಬಾಯಿ ಮುಚ್ಕೊಂಡು ಕೆಲಸ ಮಾಡ್ಬೇಕು.”

“ಮಾತು ಅಂದ್ರೆ ಮಾತು ತಾನೇ, ಅತ್ತೆ?”

“ಎರಡು ನಾಲಿಗೆ ಇಲ್ಲ ನನಗೆ.”

ಕೊಂಡಿಯಣ್ಣ ಸರ ಮಾಡುವವನು. ದಿನವಿಡೀ ಕೂತು ಕೊಂಡಿಗೆ ಕೊಂಡಿ ಸೇರಿಸಿ, ಹೊಟ್ಟೆ ಬೆಳೆಸಿಕೊಂಡ ಹಸನ್ಮುಖಿ. ಇಷ್ಟು ವರ್ಷ ಮುಂದಿನ ಕೋಣೆಯಲ್ಲೇ ಚಹಾ ಕುಡಿದು ಹೋದವನು ಅವತ್ತು ಮೊದಲ ಸಲ ಒಳಗೆ ಬಂದ. ಮೀಸೆ ಭಾವ ಆಗಲೇ ಕಟ್ಟೆಯ ಬಳಿ ಕೈ ಹಿಂದೆ ಕಟ್ಟಿ ನಿಂತಿದ್ದ. ಸೊಸೆ ಅಡುಗೆಮನೆಯ ಪರದೆಯ ಆಚೆ, ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ನಿಂತಳು. ಅದನ್ನು ಕಂಡು ಪುಟದಕ್ಕ ಭಾವನ ಕಡೆ ತಿರುಗಿ ತುಟಿ ಕೊಂಕಿಸಿದಳು.

ಮೊದಲ ಚಮಚ ಬಿತ್ತು. ಹಳದಿ ನೀರು ಕದಡಿತು. ಎರಡನೆಯದಕ್ಕೆ ಕಂದು ಮೋಡ ಎದ್ದಿತು.

“ಇದೇನಕ್ಕ, ನನ್ನ ಚಿನ್ನ ಹೋಗಿ ಎಮ್ಮೆ ತೊಳೆದ ನೀರಾಯ್ತು!” ಕೊಂಡಿಯಣ್ಣ ನಕ್ಕ.

“ಸುಮ್ನಿರು, ಎಮ್ಮೆ ಇನ್ನೂ ಪೂರ್ತಿ ತೊಳೆದಿಲ್ಲ.”

ಇನ್ನೂ ಕೆಲವು ಚಮಚ. ಹೂಳು ಇಳಿಯಿತು, ಮೇಲಿನ ನೀರು ತಿಳಿಯಾಗುತ್ತಾ ಬಂತು. ಪುಟದಕ್ಕ ಬಗ್ಗಿ, ಕೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡು ಮೂಸಿದಳು. “ಊಹೂಂ. ಇನ್ನೂ ಇದೆ.” ಮತ್ತೊಂದು ಚಮಚ. ಭಾವನೂ ಬಗ್ಗಿದ, ಮೂಸಿದ, ತಲೆ ಆಡಿಸಿದ. “ಹಾಕು ಇನ್ನೊಂದು.”

ಕೊಂಡಿಯಣ್ಣನ ನಗು ಯಾವಾಗ ನಿಂತಿತೋ ಯಾರೂ ನೋಡಲಿಲ್ಲ. ಅವನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ, ಮಾತಿನ ಬದಲು ಗಂಟಲಿಂದ ಬಾಗಿಲು ಕಿರುಗುಟ್ಟಿದಂಥ ಸದ್ದು ಬಂತು. ಒಂದು ಕೈಯಲ್ಲಿ ಕತ್ತು ಹಿಡಿದುಕೊಂಡು, ಇನ್ನೊಂದರಲ್ಲಿ ದಾರಿ ತಡಕಾಡಿ, ಸ್ಟೂಲು ಉರುಳಿಸಿ, ಮುಂದಿನ ಕೋಣೆಯ ತಕ್ಕಡಿಯ ಮೇಜಿಗೆ ಡಿಕ್ಕಿ ಹೊಡೆದು, ಹೊಸ್ತಿಲು ದಾಟಿ ಬೀದಿಯಲ್ಲಿ ನಾಲ್ಕು ಕಾಲಲ್ಲಿ ಬಿದ್ದ. ಬಿದ್ದವನು ವಾಂತಿ ಮಾಡಿಕೊಂಡ. ಮಗ ಕೂಗಿಕೊಂಡ. ಸೊಸೆ ಹಿತ್ತಲಿಂದ ಸುತ್ತಿ ಓಡಿ ಬಂದು, ಆ ಭಾರೀ ದೇಹವನ್ನು ಗಂಡನ ಜೊತೆ ಸೇರಿ ಗಾಳಿಗೆ ಎಳೆದಳು.

ಒಳಗೆ ಇನ್ನೂ ಇಬ್ಬರು ಉಳಿದಿದ್ದಾರೆ ಅಂತ ಅವಳಿಗೆ ಹೊಳೆದದ್ದು ಆಮೇಲೆ. ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು. ಬಂದವಳು ಹಾಗೇ ಕಲ್ಲಾದಳು.

ಅತ್ತೆ ಮತ್ತು ಮೀಸೆ ಭಾವ ಪಾತ್ರೆಯ ಮೇಲೆ ತಲೆಗೆ ತಲೆ ಸೇರಿಸಿ ಬಗ್ಗಿದ್ದರು. ಇಬ್ಬರ ಕಣ್ಣಿಂದಲೂ ನೀರು ಹರಿಯುತ್ತಿತ್ತು. ಇಬ್ಬರ ಮೂಗೂ ಸೋರಿ ತುಟಿಗಿಳಿದಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ.

“ಏನಾಯ್ತಂತೆ ಅವನಿಗೆ?” ಅತ್ತೆ ಕೇಳಿದಳು.

“ಬೆಳಿಗ್ಗೆ ಏನು ಮುಕ್ಕಿದ್ನೋ,” ಅಂದ ಭಾವ. “ಘಾಟು ಬಂತಾ ನಿಂಗೆ?”

“ಇಲ್ಲ ಭಾವ. ಇವತ್ತು ಯಾಕೋ ಜಿದ್ದು ಹಿಡಿದಿದೆ.” ಅಂದು ಪುಟದಕ್ಕ ಮತ್ತೊಂದು ಚಮಚ ತುಂಬಿದಳು.

“ಅತ್ತೆ! ಕೆಳಗಿಡಿ!”

ಆ ಕೂಗಿಗೆ ಚಮಚ ಕೈಯಿಂದ ಜಾರಿತು. ಸೊಸೆ ಉಸಿರು ಕಟ್ಟಿ ನುಗ್ಗಿ, ಅತ್ತೆಯ ಮಣಿಕಟ್ಟು ಹಿಡಿದು, ಹಸುವನ್ನು ಎಳೆದ ಹಾಗೆ ಎಳೆದು ಬೀದಿಗೆ ತಂದಳು. ಭಾವ ತಾನಾಗಿ, ನಿಧಾನವಾಗಿ, ಏನೂ ಆಗದವನ ಹಾಗೆ ನಡೆದು ಬಂದ.

ಕೊಂಡಿಯಣ್ಣನಿಗೆ ಯಾರೋ ನೀರು ಕುಡಿಸುತ್ತಿದ್ದರು. ಮಾತು ಬಂದ ಕೂಡಲೇ ಅಂದ: “ಅಕ್ಕ, ನನ್ನ ಸಾಯಿಸೋದಾದ್ರೆ ಮೊದಲು ನನ್ನ ಮಾಲು ವಾಪಸ್ ಕೊಟ್ಟು ಸಾಯಿಸು. ಒಳಗೆ ಯಮ ನಿಂತಿದಾನೆ, ನೀವಿಬ್ರೂ ಅವನ ಮುಂದೆ ನಿಂತು ಅವನನ್ನೇ ಹುಡುಕ್ತಿದೀರಿ!”

“ಗಂಡಸಾಗಿ ಇಷ್ಟಕ್ಕೇ ಮಗುಚಿಕೊಂಡ್ಯಾ?” ಅಂದು ಭಾವ ಮೀಸೆ ಒರೆಸಿಕೊಂಡು ತನ್ನ ಮನೆಗೆ ಹೋದ.

ಪುಟದಕ್ಕ ಲೆಕ್ಕ ಹಾಕಿದಳು. ಸೊಸೆ ನಾಟಕ ಆಡಬಹುದು. ಆದರೆ ಕೊಂಡಿಯಣ್ಣ? ತನ್ನ ಚಿನ್ನ ಒಳಗೆ ಬಿಟ್ಟು ವಾಂತಿ ಮಾಡಿಕೊಂಡು ಬೀದಿಯಲ್ಲಿ ಬೀಳುವ ನಾಟಕವನ್ನು ಯಾವ ಮಗ ಆಡುತ್ತಾನೆ? ಮನೆಯ ಗಾಳಿ ತಿಳಿಯಾದ ಮೇಲೆ ನೇರ ಅಡುಗೆಮನೆಗೆ ಹೋದಳು. ಒಂದೊಂದೇ ಡಬ್ಬ ತೆರೆದು ಮೂಗಿಗೆ ಹಿಡಿದಳು. ಸೋಪು ಮೂಸಿದಳು. ಈರುಳ್ಳಿ ಸೀಳಿ ಮೂಸಿದಳು. ಒಲೆಯಲ್ಲಿ ಬಟ್ಟೆ ಚೂರು ಸುಟ್ಟು ಮೂಸಿದಳು. ಕೊನೆಗೆ ಮೂಲೆಯಲ್ಲಿದ್ದ ಕಂದು ಬಾಟಲಿಯ ಬಿರಡೆ ತೆಗೆದಳು.

“ಇದರಲ್ಲೇನು, ನೀರಾ?”

“ಸೀಮೆಎಣ್ಣೆ, ಅತ್ತೆ.”

ಪುಟದಕ್ಕ ನೆಲದ ಮೇಲೆ ಕೂತಳು. “ಯಾವಾಗಿಂದ?” ಅಂದಳು. ಯಾರಿಗೆ ಗೊತ್ತು ಯಾವಾಗಿನಿಂದ? ಕಣ್ಣು ಹೋದರೆ ಎಡವುತ್ತೇವೆ, ಕಿವಿ ಹೋದರೆ ಎದುರಿನವರು ಅರಚುತ್ತಾರೆ. ಮೂಗು ಸತ್ತರೆ ಹೆಣ ಎತ್ತುವವರೂ ಇಲ್ಲ. ಅದರಲ್ಲೂ ಈ ಓಣಿಯಲ್ಲಿ ಸತ್ತ ಮೂಗಿಗೆ ಸನ್ಮಾನ.

“ಹಾಗಾದ್ರೆ ನಿನ್ನ ಅಡುಗೆ...”

“ಹೂಂ ಅತ್ತೆ.”

“ಅಷ್ಟೂ ದಿನ?”

“ನಿಮ್ಮ ಮಗ ಇವತ್ತಿಗೂ ನೀರು ಕುಡೀತಾನೇ ಇದಾರೆ, ನೋಡಿ.”

ಯಾರಿಗೂ ನಗು ಬರಲಿಲ್ಲ. ಪುಟದಕ್ಕ ಬಾಟಲಿಗೆ ಬಿರಡೆ ಒತ್ತಿದಳು. “ಅವರ ದಮ್ಮು ಬೀಡಿಯಿಂದ ಅಂತ ಸಾಯೋ ತನಕ ಬೈದೆನಲ್ಲೇ,” ಅಂದಳು. ಗಂಡನ ಬಗ್ಗೆ ಅವಳಾಡಿದ್ದು ಅಷ್ಟೇ. ಅವನು ಸೇದುತ್ತಿದ್ದದ್ದು ಊಟವಾದ ಮೇಲೆ ಒಂದು ಬೀಡಿ. ಮೂಸುತ್ತಿದ್ದದ್ದು ದಿನವಿಡೀ.

ಅವಳಿಗೆ ಎರಡು ನಾಲಿಗೆ ಇರಲಿಲ್ಲ. ಬಿಳಿ ಡಬ್ಬ ಆಚೆ ಹೋಯಿತು, ಅನ್ನಭೇದಿ ಬಂತು. ಸೊಸೆ ಹಸಿರು ಹರಳನ್ನು ನೀರಲ್ಲಿ ಕರಗಿಸಿ ಸುರಿದಳು. ಪುಟದಕ್ಕ ರೂಢಿಯಂತೆ ಬಗ್ಗಿ ಮೂಗು ಚಾಚಿದಳು, ನೆನಪಾಗಿ ಸರಕ್ಕನೆ ನೆಟ್ಟಗಾದಳು. ಯಾರಾದರೂ ನೋಡಿದರೇನೋ ಅಂತ ಸುತ್ತ ಕಣ್ಣಾಡಿಸಿದಳು. ಹೂಳು ಇಳಿದ ಮೇಲೆ ಸೊಸೆ ಮೇಲಿನ ನೀರಿನ ಹನಿಯೊಂದನ್ನು ಬಿಳಿ ಕಾಗದದ ಮೇಲೆ ಬಿಟ್ಟು, ಅದರ ಮೇಲೆ ತವರದ ನೀರಿನ ಹನಿ ಬಿಟ್ಟಳು. ನೇರಳೆ ಕಲೆ ಮೂಡಿತು.

“ಇನ್ನೂ ಇದೆ, ಅತ್ತೆ.”

“ಕಣ್ಣಾದ್ರೂ ಉಳಿದಿದೆಯೋ ಇಲ್ವೋ, ತೋರಿಸು ಇಲ್ಲಿ.” ಕಾಗದವನ್ನು ಬೆಳಕಿಗೆ ಹಿಡಿದಳು. “ನೇರಳೆ.”

“ಹೂಂ. ನೇರಳೆ.”

“ಸದ್ಯ.”

ಗಿರಾಕಿಗಳು ಗೊಣಗಿದರು. ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನಕ್ಕೆ ಸಿಗುತ್ತಿದ್ದ ಕಾಲ ಹೋಯಿತು, ಈಗ ಮಾರನೇ ದಿನ ಬಾ ಅನ್ನುತ್ತಾಳೆ. ಕೆಲವರು ಪಕ್ಕದ ಬಾಗಿಲು ತಟ್ಟಿದರು. ಮೀಸೆ ಭಾವನ ಕಟ್ಟೆಗೆ ಪುರುಸೊತ್ತಿಲ್ಲದಾಯಿತು. ಅವನ ಚಮಚ ಜೋರಾದಂತೆ ಸೊಸೆಯ ಸಿಳ್ಳೆ ಮತ್ತೆ ಶುರುವಾಯಿತು. ಈ ಮನೆಯಲ್ಲಿ ಬಿಳಿ ಪುಡಿಯ ಚಿಟಿಕೆಯೂ ಇಲ್ಲ, ಸೊಸೆ ಮಾತ್ರ ಅಡುಗೆಮನೆಯಲ್ಲಿ ಎದೆ ಹಿಡಿದು ಕೂರುತ್ತಾಳೆ. ಪುಟದಕ್ಕ ತಲೆಯೆತ್ತಿ ಗೋಡೆಯ ತೂತುಗಳನ್ನು ನೋಡಿದಳು. ಬಟ್ಟೆ ತುರುಕಿದಳು, ಮಣ್ಣು ಮೆತ್ತಿದಳು. ಘಾಟು ಹಿತ್ತಲಿಂದ ಬಂತು, ಬಾಗಿಲಿಂದ ಬಂತು. ಬಂದದ್ದು ಅವಳಿಗೆ ತಿಳಿಯುತ್ತಿದ್ದದ್ದು ಸೊಸೆಯ ಉಸಿರಿನ ಸದ್ದಿನಿಂದ. ಚಳಿಗಾಲ ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಪುಟದಕ್ಕ ಕಂದು ಬಾಟಲಿ ಹಿಡಿದು ಭಾವನ ಮನೆಗೆ ನುಗ್ಗಿದಳು. ಅವನು ಕಟ್ಟೆಯ ಮುಂದೆ ಚಮಚ ಹಿಡಿದು ನಿಂತಿದ್ದ. ಓರಗಿತ್ತಿ ಬಾಗಿಲ ಬಳಿ ತರಕಾರಿ ಹೆಚ್ಚುತ್ತಿದ್ದಳು.

“ಭಾವ, ಇದನ್ನ ಮೂಸಿ ಹೇಳಿ, ಏನು ಅಂತ.”

ಭಾವ ಚಮಚ ಇಟ್ಟು, ಕಸುಬುದಾರನ ಗತ್ತಿನಲ್ಲಿ ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡ. “ನೀರು. ಬಾವಿದೋ ನಲ್ಲಿದೋ ಅದನ್ನೂ ಹೇಳ್ಲಾ?”

“ರೀ,” ಓರಗಿತ್ತಿ ಚಾಕು ಕೆಳಗಿಟ್ಟಳು. “ಸೀಮೆಎಣ್ಣೆ ರೀ ಅದು. ಇಲ್ಲಿಗೇ ಬಡೀತಿದೆ.”

“ಓಹೋ, ಹೆಂಗಸರು ಸೇರಿ ಆಟ ಕಟ್ಟಿದೀರಾ? ನೀರಿಗೆ ಬೆಂಕಿ ಹತ್ತುತ್ತಾ ನೋಡೇಬಿಡೋಣ.” ಸೋಸುವ ಕಾಗದದ ಒಂದು ತುಂಡನ್ನು ಬಾಟಲಿಯೊಳಗೆ ಅದ್ದಿ ತೆಗೆದು, ಮುಖದ ಮುಂದೆಯೇ ಹಿಡಿದು ಕಡ್ಡಿ ಗೀರಿದ.

ಭಗ್ ಅಂತ ಹತ್ತಿತು. ಕಾಗದ ಬಿಸಾಡಿ ಹಿಂದೆ ಹಾರಿದ. ಪುಟದಕ್ಕ ಅದನ್ನು ತುಳಿದು ಆರಿಸಿದಳು.

“ಮೀಸೆ ರೀ! ಮೀಸೆ ಸುಟ್ಟ ವಾಸನೆ!” ಓರಗಿತ್ತಿ ಮೂಗು ಹಿಡಿದುಕೊಂಡು ಕೂಗಿದಳು. ಭಾವ ಅವಳ ಮುಖವನ್ನೇ ನೋಡುತ್ತಾ, ಯಾರದೋ ಮೀಸೆ ಮುಟ್ಟುವವನ ಹಾಗೆ ತನ್ನ ಮೀಸೆ ಮುಟ್ಟಿದ. ಎಡತುದಿ ಕರಕಲಾಗಿ ಬೆರಳಿಗೆ ಪುಡಿ ಪುಡಿ ಬಂತು. ಆ ಬೆರಳನ್ನು ಮೂಗಿಗೆ ತಂದ. ಮತ್ತೆ ತಂದ.

“ಹಾಗಾದ್ರೆ,” ಭಾವನ ದನಿ ಇಳಿದಿತ್ತು, “ಇಷ್ಟು ವರ್ಷ ನಾನು ಯಾವಾಗ ಕೈ ನಿಲ್ಲಿಸ್ತಿದ್ದೆ?”

“ಗೊತ್ತಿಲ್ಲ ಭಾವ. ನಾನು ಯಾವಾಗ ನಿಲ್ಲಿಸ್ತಿದ್ದೆ ಅಂತಾನೂ ಗೊತ್ತಿಲ್ಲ.”

ಗೋಡೆಯ ಆಚೆ ಸೊಸೆ ಕೆಮ್ಮಿದಳು. ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ. ನಡುನಡುವೆ ಉಸಿರಿಗಾಗಿ ಎಳೆಯುವ ಸಿಳ್ಳೆ. ಅದು ಮಾತ್ರ ಇಬ್ಬರಿಗೂ ಸರಿಯಾಗಿ ಕೇಳಿಸಿತು.

ಓರಗಿತ್ತಿ ಎದ್ದು ಬಿಳಿ ಡಬ್ಬದ ಮುಚ್ಚಳ ಹುಡುಕತೊಡಗಿದಳು. ಕಟ್ಟೆಯ ಮೇಲೆ ನೋಡಿದಳು, ಕೆಳಗೆ ನೋಡಿದಳು, ಪಾತ್ರೆಗಳ ಹಿಂದೆ ಕೈಯಾಡಿಸಿದಳು. ಆ ಡಬ್ಬಕ್ಕೆ ಮುಚ್ಚಳ ಹಾಕಿ ಎಷ್ಟು ಕಾಲವಾಗಿತ್ತೋ, ಸಿಗಲಿಲ್ಲ. ಕೊನೆಗೆ ಭಾವನೇ ಒಳಗೆ ಹೋಗಿ, ತಾನು ಉಣ್ಣುವ ತಟ್ಟೆಯನ್ನು ತಂದು ಅದರ ಬಾಯಿಗೆ ಕವುಚಿದ.